ಭೋಪಾಲದ ಎರಡನೆಯ ವಿಷ: ಅಂತರ್ಜಲದ ತನಿಖೆ ಮತ್ತು ಪುರಾವೆಯ ಹೊಣೆ

(ನೈರೋಬಿಯಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಭೋಪಾಲ ಎಂದೊಡನೆ ಎಲ್ಲರಿಗೂ ನೆನಪಾಗುವುದು ಒಂದು ರಾತ್ರಿ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ಆ ರಾತ್ರಿ ಯೂನಿಯನ್ ಕಾರ್ಬೈಡ್ ಇಂಡಿಯಾ ಲಿಮಿಟೆಡ್‌ನ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಚಿಮ್ಮಿ ಮಲಗಿದ್ದ ನಗರದ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನರ ಶ್ವಾಸಕೋಶ, ಕಣ್ಣು, ಗರ್ಭಗಳಿಗೆ ಆ ರಾತ್ರಿ ಮುಗಿಯಲೇ ಇಲ್ಲ. ಜಗತ್ತು ಅದನ್ನು ಅನಿಲ ದುರಂತ ಎಂದು ಕರೆಯಿತು. ಆದರೆ ಅದೇ ಕಾರ್ಖಾನೆಯ ನೆಲದಡಿಯಲ್ಲಿ ಇನ್ನೊಂದು ದುರಂತವಿದೆ. ಅದು ಆ ರಾತ್ರಿಗಿಂತ ಮೊದಲೇ ಶುರುವಾಗಿತ್ತು, ಇಂದಿಗೂ ಮುಗಿದಿಲ್ಲ. ಅದಕ್ಕೆ ಒಂದು ದಿನಾಂಕವಿಲ್ಲ, ಸೈರನ್ ಕೂಗಲಿಲ್ಲ, ಯಾರೂ ಓಡಲಿಲ್ಲ. 1984ರ ನಂತರ ಹುಟ್ಟಿದವರು, ಅನಿಲವನ್ನು ಒಮ್ಮೆಯೂ ಉಸಿರಾಡದವರು, ಕೈಪಂಪಿನ ನೀರಿನ ಮೂಲಕ ಅದಕ್ಕೆ ಈಡಾದರು.

ಈ ಎರಡನೆಯ ವಿಷದ ಕಥೆಯನ್ನು ನೈರೋಬಿಯಲ್ಲಿ ಏಕೆ ಹೇಳಬೇಕು? ಎರಡು ಕಾರಣಗಳಿವೆ. ಮುಚ್ಚಿದ ಕಾರ್ಖಾನೆಯೊಂದರ ನೆಲವನ್ನು ಹೇಗೆ ಪರೀಕ್ಷಿಸಬೇಕು, ಯಾರು ಪರೀಕ್ಷಿಸಬೇಕು, ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆಗಳು ಭೋಪಾಲಕ್ಕೆಷ್ಟು ಸಲ್ಲುತ್ತವೆಯೋ ಕೆನ್ಯಾದ ಓವಿನೋ ಉಹುರು ಮತ್ತು ಥಾಂಗೆಗೂ ಅಷ್ಟೇ ಸಲ್ಲುತ್ತವೆ. ಜೊತೆಗೆ, ಈ ನಗರದ ಬಹುಪಾಲು ಮನೆಗಳಲ್ಲಿ ಒಂದಲ್ಲ ಒಂದು ದಿನ ಬಳಕೆಯಾಗುವುದು ಕೊಳವೆಬಾವಿಯ ನೀರು, ಇಲ್ಲವೇ ಅದನ್ನು ತುಂಬಿಕೊಂಡು ಬರುವ ಟ್ಯಾಂಕರಿನ ನೀರು. ಆ ನೀರು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಮಾತ್ರ ಬಹಳ ಮನೆಗಳಲ್ಲಿಲ್ಲ.

ಮೊದಲು ನೆಲದಡಿಯ ಸಂಗತಿಯನ್ನು ಸ್ವಲ್ಪ ತಿಳಿಯಬೇಕು. ಅಂತರ್ಜಲ ಹೊಳೆಯಂತೆ ಹರಿಯುವುದಿಲ್ಲ. ಮಣ್ಣಿನ ಕಣಗಳ ನಡುವೆ, ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಜಿನುಗುತ್ತ ಸಾಗುತ್ತದೆ. ಮೇಲಿನಿಂದ ಇಳಿದ ವಿಷ ಆ ನೀರನ್ನು ಸೇರಿದ ಮೇಲೆ ವರ್ತಿಸುವ ಬಗೆ ಒಂದೇ ತರಹದ್ದಲ್ಲ. ಪೆಟ್ರೋಲು, ಡೀಸೆಲ್ಲಿನಂಥವು ನೀರಿಗಿಂತ ಹಗುರ. ಅವು ಅಂತರ್ಜಲದ ಮೇಲ್ಪದರದಲ್ಲಿ ತೇಲುತ್ತವೆ. ಕಲ್ಲಿದ್ದಲ ಟಾರು, ಕ್ಲೋರಿನ್ ಬೆರೆತ ದ್ರಾವಕಗಳು ನೀರಿಗಿಂತ ಭಾರ. ಅವು ನೀರನ್ನೂ ದಾಟಿ ಕೆಳಗಿಳಿದು, ಗಟ್ಟಿ ಜೇಡಿಯ ಪದರ ಸಿಕ್ಕಲ್ಲಿ ಮಡುಗಟ್ಟಿ ನಿಂತು, ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ಕರಗುತ್ತ ಹೋಗುತ್ತವೆ. ಮೇಲ್ಪದರದ ನೀರನ್ನು ಮಾತ್ರ ಪರೀಕ್ಷಿಸಿದವನಿಗೆ ಅವು ಸಿಗುವುದೇ ಇಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇವಕ್ಕೆ ಅಕ್ಷರಶಃ ಹೊಂದುತ್ತದೆ.

ಈ ಅರಿವು ಬಂದದ್ದು ಬಹುಮಟ್ಟಿಗೆ ಹಳೆಯ ಅನಿಲ ಕಾರ್ಖಾನೆಗಳಿಂದ. 19ನೆಯ ಶತಮಾನದಲ್ಲಿ ಯೂರೋಪು ಮತ್ತು ಅಮೆರಿಕದ ನಗರಗಳಲ್ಲಿ, ಭಾರತದ ಕಲ್ಕತ್ತ, ಮುಂಬಯಿಗಳಲ್ಲಿಯೂ, ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಬೀದಿದೀಪಕ್ಕೆ ಅನಿಲ ತಯಾರಿಸುತ್ತಿದ್ದರು. ದೀಪ ಬೀದಿಯಲ್ಲಿ ಉರಿಯಿತು. ಟಾರು, ಬೆಂಜೀನ್, ನ್ಯಾಫ್ತಲೀನ್, ಸಯನೈಡ್ ಬೆರೆತ ಕಸ ಕಾರ್ಖಾನೆಯ ಅಂಗಳದಲ್ಲಿ ಉಳಿಯಿತು. ವಿದ್ಯುತ್ತು ಮತ್ತು ನೈಸರ್ಗಿಕ ಅನಿಲ ಬಂದ ಮೇಲೆ ಆ ಕಾರ್ಖಾನೆಗಳು ಮುಚ್ಚಿದವು. ಜಾಗದ ನೆನಪು ಅಳಿಯಿತು, ಟಾರು ಅಳಿಯಲಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ 1956ರಲ್ಲಿ ಮುಚ್ಚಿದ ಅಂಥ ಕಾರ್ಖಾನೆಯೊಂದು 1975ರಲ್ಲಿ ಉದ್ಯಾನವಾಯಿತು. ಮಕ್ಕಳು ಆಡುವ ಆ ಹುಲ್ಲುಹಾಸಿನ ಕೆಳಗಿನ ಮಣ್ಣು ಮತ್ತು ನೀರನ್ನು ಶುದ್ಧಗೊಳಿಸುವ ಕೆಲಸ ದಶಕಗಳ ಕಾಲ ಸಾಗಿಬಂದಿದೆ. ಶ್ರೀಮಂತ ದೇಶದ ಶ್ರೀಮಂತ ನಗರದಲ್ಲಿಯೇ ಹೀಗಾದರೆ, ಗೋಡೆಯಾಚೆಯ ಗುಡಿಸಲಿನವರು ಕೈಪಂಪಿನ ನೀರನ್ನೇ ಕುಡಿಯುವಲ್ಲಿ ಏನಾಗಬೇಕು?

ಭೋಪಾಲದ ಕಾರ್ಖಾನೆ 1969ರಲ್ಲಿ ಆರಂಭವಾಯಿತು. ಸೆವಿನ್ ಎಂಬ ಹೆಸರಿನ ಕಾರ್ಬರಿಲ್ ಕೀಟನಾಶಕ ಅದರ ಮುಖ್ಯ ಉತ್ಪನ್ನ. ತಯಾರಿಕೆಯ ಕಸವನ್ನು ಆವರಣದೊಳಗಿನ ಗುಂಡಿಗಳಲ್ಲಿ ಸುರಿಯಲಾಗುತ್ತಿತ್ತು. 1977ರಿಂದ ಆವರಣದ ಉತ್ತರಕ್ಕೆ 30 ಎಕರೆಗೂ ಹೆಚ್ಚು ಜಾಗದಲ್ಲಿ ಸೌರ ಆವಿಯಾಗುವಿಕೆಯ ಕೊಳಗಳನ್ನು ಬಳಸಲಾಯಿತು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ದ್ರವತ್ಯಾಜ್ಯವನ್ನು ಅಲ್ಲಿ ನಿಲ್ಲಿಸಿದರೆ ಬಿಸಿಲಿಗೆ ನೀರು ಆವಿಯಾಗಿ ಕಸ ಅಲ್ಲೇ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಹಾಳೆ ಹರಿಯಿತು. ಕೊಳ ಸೋರುತ್ತಿದೆ, ಅದು ಆತಂಕದ ಸಂಗತಿ ಎಂದು ಭೋಪಾಲದಿಂದ ಅಮೆರಿಕದ ಮಾತೃಸಂಸ್ಥೆಗೆ 1982ರಲ್ಲಿಯೇ ಟೆಲೆಕ್ಸ್ ಸಂದೇಶ ಹೋಗಿತ್ತು. ಅನಿಲ ಸೋರುವುದಕ್ಕೆ ಎರಡು ವರ್ಷ ಮೊದಲೇ ನೆಲ ಸೋರುತ್ತಿದ್ದುದು ಕಂಪನಿಗೆ ತಿಳಿದಿತ್ತು. ಈ ಸಂದೇಶ ಜನರ ಕೈಗೆ ಬಂದದ್ದು ಸುಮಾರು ಎರಡು ದಶಕಗಳ ನಂತರ, ಅಮೆರಿಕದ ನ್ಯಾಯಾಲಯದಲ್ಲಿ ಸಂತ್ರಸ್ತರು ಹೂಡಿದ ದಾವೆಯ ಮೂಲಕ.

ಅದೇ ದಾವೆಯಲ್ಲಿ ಹೊರಬಂದ ಇನ್ನೊಂದು ಕಾಗದ 1989ರದ್ದು. ಕಂಪನಿ ತನ್ನ ಆವರಣದ ಮಣ್ಣು ಮತ್ತು ನೀರಿನ ಮಾದರಿಗಳನ್ನು ತಾನೇ ಪರೀಕ್ಷಿಸಿಕೊಂಡಿತ್ತು. ಆ ಮಾದರಿಗಳಲ್ಲಿ ಬಿಟ್ಟ ಮೀನುಗಳೆಲ್ಲ ಸತ್ತವು. ಈ ಫಲಿತಾಂಶವನ್ನು ಸುತ್ತಲಿನ ಬಡಾವಣೆಗಳ ಜನರಿಗೆ ತಿಳಿಸಲಿಲ್ಲ. ಅದೇ 1989ರಲ್ಲಿ ಭಾರತ ಸರ್ಕಾರ 47 ಕೋಟಿ ಡಾಲರ್‌ಗೆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಅನಿಲದ ಪ್ರಕರಣವನ್ನು ಮುಗಿಸಿತು. ಆ ಒಪ್ಪಂದ ಏರ್ಪಟ್ಟಾಗ ನೆಲದಡಿಯ ವಿಷದ ಲೆಕ್ಕ ಮೇಜಿನ ಮೇಲೆ ಇರಲೇ ಇಲ್ಲ.

ಇತ್ತ ಬಡಾವಣೆಗಳಲ್ಲಿ ನೀರಿಗೆ ಔಷಧದ ವಾಸನೆ ಇದೆ, ನಾಲಿಗೆ ಉರಿಯುತ್ತದೆ, ಬೇಳೆ ಬೇಯುವುದಿಲ್ಲ ಎಂಬ ದೂರುಗಳು ಹೆಂಗಸರಿಂದ ಬರುತ್ತಲೇ ಇದ್ದವು. ಅಂತರ್ಜಲ ತನಿಖೆಯ ಮೊದಲ ಉಪಕರಣ ನೀರು ಹೊರುವವಳ ಮೂಗು ಮತ್ತು ನಾಲಿಗೆ. ಅದನ್ನು ಪುರಾವೆ ಎಂದು ಯಾವ ಸಮಿತಿಯೂ ದಾಖಲಿಸಿಕೊಳ್ಳುವುದಿಲ್ಲ. 1990ರ ಹೊತ್ತಿಗೇ ಭೋಪಾಲದ ಜನಸಂಘಟನೆಗಳು ಮಾದರಿಗಳನ್ನು ಅಮೆರಿಕದ ಪ್ರಯೋಗಾಲಯಕ್ಕೆ ಕಳಿಸಿ, ನೀರಿನಲ್ಲಿ ವಿಷವಿದೆ ಎಂಬ ವರದಿ ತರಿಸಿದ್ದವು. ಆದರೆ 1997ರಲ್ಲಿ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ಆವರಣದ ಮಣ್ಣು ಕಲುಷಿತವಾಗಿದ್ದರೂ ಅಂತರ್ಜಲ ಕೆಟ್ಟಿಲ್ಲ ಎಂಬ ತೀರ್ಮಾನಕ್ಕೆ ಬಂತು. ವಿಷ ನೀರನ್ನು ತಲುಪಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕೆಂಬ ಅಂದಾಜು ಅದರಲ್ಲಿತ್ತು. ಕಂಪನಿಯೇ ನೇಮಿಸಿಕೊಂಡಿದ್ದ ಸಲಹಾ ಸಂಸ್ಥೆ ಆರ್ಥರ್ ಡಿ ಲಿಟಲ್, ಕೆಟ್ಟ ಸಂದರ್ಭದಲ್ಲಿ ಆ ಅವಧಿ ಎರಡೇ ವರ್ಷವಾಗಬಹುದು ಎಂದು ಎಚ್ಚರಿಸಿತ್ತು. ಎಚ್ಚರಿಕೆ ಕಡತದಲ್ಲಿ ಉಳಿಯಿತು. ನಿಶ್ಚಿಂತೆಯ ತೀರ್ಮಾನ ಬಹಿರಂಗವಾಯಿತು. 1998ರಲ್ಲಿ ಜಾಗವನ್ನು ರಾಜ್ಯ ಸರ್ಕಾರಕ್ಕೆ ಹಿಂತಿರುಗಿಸಲಾಯಿತು.

1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಪ್ರಕಟಿಸಿದ ವರದಿ ಈ ನಿಶ್ಚಿಂತೆಯನ್ನು ಒಡೆಯಿತು. ಆವರಣದ ಬಳಿಯ ಕುಡಿಯುವ ನೀರಿನ ಬಾವಿಯೊಂದರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮಿತಿಗಿಂತ ಸಾವಿರ ಪಟ್ಟಿಗೂ ಮೀರಿ ಇತ್ತು. ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್‌ಗಳೂ ಸಿಕ್ಕವು. ಮಣ್ಣಿನಲ್ಲಿ ಪಾದರಸವಿತ್ತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಾಧಿತ ಬಡಾವಣೆಗಳಿಗೆ ಶುದ್ಧ ಕುಡಿಯುವ ನೀರು ಪೂರೈಸುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಆದೇಶ ಕೊಳಾಯಿಯಾಗಿ ಇಳಿಯಲು ಜನ 2006ರಲ್ಲಿ ಮತ್ತು 2008ರಲ್ಲಿ ಭೋಪಾಲದಿಂದ ದೆಹಲಿಗೆ ನಡೆದು ಹೋಗಬೇಕಾಯಿತು. 2009ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಕಾರ್ಖಾನೆಯಿಂದ 3 ಕಿಲೋಮೀಟರ್ ದೂರದ ಅಂತರ್ಜಲದಲ್ಲಿಯೂ ಕೀಟನಾಶಕ ಮತ್ತು ಕ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಕಂಡಿತು. 2010ರಲ್ಲಿ ನೀರಿ ಸಂಸ್ಥೆಯೇ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಕಲುಷಿತ ಮಣ್ಣಿನ ಪ್ರಮಾಣ ಸುಮಾರು 11 ಲಕ್ಷ ಟನ್ ಎಂದು ಅಂದಾಜಿಸಿತು. ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ಪರೀಕ್ಷೆಗಳಲ್ಲಿ ಬಾಧಿತ ಬಡಾವಣೆಗಳ ಸಂಖ್ಯೆ 22ಕ್ಕೆ, ಮುಂದೆ 42ಕ್ಕೆ ಏರಿತು. ವಿಷ ನಿಂತಲ್ಲಿ ನಿಂತಿಲ್ಲ. ಅಂತರ್ಜಲದ ಜೊತೆ ನಡೆಯುತ್ತಿದೆ.

2025ರ ಜನವರಿಯಲ್ಲಿ ಹೈಕೋರ್ಟಿನ ಆದೇಶದಂತೆ ಆವರಣದ ಗೋದಾಮಿನಲ್ಲಿದ್ದ 337 ಟನ್ ಕಸವನ್ನು 12 ಕಂಟೇನರುಗಳಲ್ಲಿ ತುಂಬಿ ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಸಾಗಿಸಲಾಯಿತು. ಅಲ್ಲಿನ ಜನ ಪ್ರತಿಭಟಿಸಿದರು. ಆ ವರ್ಷದ ಮಧ್ಯದ ಹೊತ್ತಿಗೆ ಕಸವನ್ನು ಸುಡಲಾಯಿತು. ಭೋಪಾಲ ಕೊನೆಗೂ ವಿಷಮುಕ್ತವಾಯಿತು ಎಂಬ ಶೀರ್ಷಿಕೆಗಳು ಬಂದವು. 337 ಟನ್ನನ್ನು 11 ಲಕ್ಷ ಟನ್ನಿನ ಪಕ್ಕದಲ್ಲಿಟ್ಟು ನೋಡಿದರೆ ಆ ಶೀರ್ಷಿಕೆಯ ಬೆಲೆ ತಿಳಿಯುತ್ತದೆ. ಸುಟ್ಟದ್ದು ಚೀಲಕ್ಕೆ ತುಂಬಿದ ಕಸವನ್ನು. ಮಣ್ಣು ಅಲ್ಲೇ ಇದೆ, ನೀರು ಅಲ್ಲೇ ಇದೆ, ಕೊಳಗಳ ಮೇಲೆ ಮನೆಗಳಿವೆ.

ಈ ದೀರ್ಘ ಕಥೆಯಿಂದ ತನಿಖೆಯ ಬಗ್ಗೆ ಕಲಿಯಬೇಕಾದ್ದು ಏನು?

ಒಂದು: ತನಿಖೆ ಪ್ರಯೋಗಾಲಯದಲ್ಲಿ ಶುರುವಾಗುವುದಿಲ್ಲ, ಕಾರ್ಖಾನೆಯ ಉಗ್ರಾಣದ ಲೆಕ್ಕದಲ್ಲಿ ಶುರುವಾಗುತ್ತದೆ. ಏನು ಒಳಗೆ ಬಂತು, ಏನು ಮಾರಾಟವಾಗಿ ಹೊರಗೆ ಹೋಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಮೂರು ಅಂಕಣಗಳ ಲೆಕ್ಕ ಅದು. ಅದು ಸಿಗದಿದ್ದರೆ ಹಳೆಯ ಕಾರ್ಮಿಕರ ನೆನಪನ್ನು ಕೇಳಬೇಕು. ಯಾವ ಗುಂಡಿಗೆ ಏನು ಸುರಿದರೆಂಬುದು ಸುರಿದವರಿಗೆ ಗೊತ್ತಿರುತ್ತದೆ. ಯಾವ ರಾಸಾಯನಿಕವನ್ನು ಹುಡುಕಬೇಕೆಂದು ತಿಳಿಯದ ಪ್ರಯೋಗಾಲಯ ಗಡಸುತನ, ಉಪ್ಪು, ಕಬ್ಬಿಣವನ್ನು ಅಳೆದು ನೀರು ಚೆನ್ನಾಗಿದೆ ಎಂದು ಚೀಟಿ ಕೊಡುತ್ತದೆ. ಆ ಚೀಟಿ ಸುಳ್ಳಲ್ಲ. ಕೇಳಿದ ಪ್ರಶ್ನೆಯೇ ತಪ್ಪು.

ಎರಡು: ಬಾವಿಯ ಆಯ್ಕೆಯೇ ಅರ್ಧ ಉತ್ತರ. ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ಆಧಾರರೇಖೆಯಿಂದ ಅಳೆಯಬೇಕು. ಹರಿವಿನ ಮೇಲ್ಬದಿಯ ಬಾವಿಯನ್ನು ಮಾತ್ರ ಪರೀಕ್ಷಿಸಿದರೆ ಎಂಥ ಕಾರ್ಖಾನೆಯೂ ನಿರ್ದೋಷಿ. ಮೇಲ್ಬದಿ, ಕೆಳಬದಿ, ಆಳದ ಬೇರೆಬೇರೆ ಪದರಗಳು, ಮಳೆಗಾಲ, ಬೇಸಗೆ ಇವೆಲ್ಲದರ ಮಾದರಿ ಬೇಕು.

ಮೂರು: ಪತ್ತೆಯಾಗಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಭೂಮ್ಯಾಕಾಶದ ಅಂತರವಿದೆ. ಯಂತ್ರ ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದು ಎಂಬ ಪತ್ತೆಮಿತಿಯನ್ನು ನಮೂದಿಸದ ವರದಿ ಓದಲು ಯೋಗ್ಯವಲ್ಲ. ಕುಡಿಯುವ ನೀರಿನ ಸುರಕ್ಷತಾ ಮಿತಿಗಿಂತ ಹತ್ತು ಪಟ್ಟು ಹೆಚ್ಚಿದ್ದರೆ ಮಾತ್ರ ಗುರುತಿಸಬಲ್ಲ ಯಂತ್ರಕ್ಕೆ ಒಂಬತ್ತು ಪಟ್ಟು ವಿಷ ಕಾಣುವುದಿಲ್ಲ.

ನಾಲ್ಕು: ಪ್ರಕೃತಿಯ ಪಾಲನ್ನೂ ಕಾರ್ಖಾನೆಯ ಪಾಲನ್ನೂ ಬೇರ್ಪಡಿಸಬೇಕು. ಇದಕ್ಕೆ ನೈರೋಬಿಯೇ ಉದಾಹರಣೆ. ಈ ನಗರ ನಿಂತಿರುವುದು ಜ್ವಾಲಾಮುಖಿ ಶಿಲೆಗಳ ಮೇಲೆ. ಇಲ್ಲಿನ ಆಳದ ನೀರಿನಲ್ಲಿ ಫ್ಲೋರೈಡ್ ಸಹಜವಾಗಿಯೇ ಹೆಚ್ಚು. ಆದ್ದರಿಂದ ಇಲ್ಲಿ ಫ್ಲೋರೈಡ್ ಸಿಕ್ಕಿತೆಂದು ನೆರೆಯ ಕಾರ್ಖಾನೆಯನ್ನು ದೂಷಿಸುವುದು ಅವಸರದ ಮಾತಾದೀತು. ಆದರೆ ಕ್ಲೋರೋಬೆಂಜೀನನ್ನು ಯಾವ ಜ್ವಾಲಾಮುಖಿಯೂ ಬಾವಿಗೆ ಇಳಿಸುವುದಿಲ್ಲ. ಎಲ್ಲ ದೋಷವನ್ನೂ ಬಂಡೆಯ ತಲೆಗೆ ಕಟ್ಟುವ ವಾದ ಬಂದಾಗ ಕೇಳಬೇಕಾದ ಪ್ರಶ್ನೆ ಇದು. ಇನ್ನೊಂದು ಮಾತು: ಆಳದ ನೀರು ಸುರಕ್ಷಿತ ಎಂಬ ನಂಬಿಕೆಯೂ ಷರತ್ತಿನದು. ಕೇಸಿಂಗ್ ಪೈಪನ್ನು ಸರಿಯಾಗಿ ಕೂರಿಸದ, ಕೈಬಿಟ್ಟ ಮೇಲೆ ಮುಚ್ಚದ ಒಂದೊಂದು ಕೊಳವೆಬಾವಿಯೂ ಮೇಲಿನ ಕೊಳೆಯನ್ನು ಕೆಳಗಿನ ಶುದ್ಧ ಪದರಕ್ಕೆ ಇಳಿಸುವ ನಳಿಗೆ.

ಕೆನ್ಯಾದ ಅನುಭವ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸುತ್ತದೆ. ಮೊಂಬಾಸಾದ ಓವಿನೋ ಉಹುರು ಬಡಾವಣೆಯ ಪಕ್ಕದಲ್ಲಿ ಹಳೆಯ ಬ್ಯಾಟರಿಗಳಿಂದ ಸೀಸ ಕರಗಿಸುವ ಕಾರ್ಖಾನೆಯೊಂದು 2007ರಿಂದ 2014ರವರೆಗೆ ನಡೆಯಿತು. ಹೊಗೆಯಲ್ಲಿ, ಮಣ್ಣಿನಲ್ಲಿ, ಹರಿದ ತ್ಯಾಜ್ಯನೀರಿನಲ್ಲಿ ಸೀಸ ಬಂತು. ಮಕ್ಕಳ ರಕ್ತದಲ್ಲಿ ನೆಲೆಸಿತು. ಅಲ್ಲಿ ಕೆಲಸಕ್ಕೆ ಸೇರಿದ್ದ ಫಿಲಿಸ್ ಒಮಿಡೊ ತಮ್ಮ ಮಗುವಿನ ಕಾಯಿಲೆಗೆ ಸೀಸವೇ ಕಾರಣವೆಂದು ತಿಳಿದ ಮೇಲೆ ಹೋರಾಟಕ್ಕಿಳಿದರು. 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ ಪ್ರಶಸ್ತಿ 2004ರಲ್ಲಿ ಭೋಪಾಲದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅವರಿಗೆ ಸಂದಿತ್ತು. 2020ರ ಜುಲೈನಲ್ಲಿ ಮೊಂಬಾಸಾದ ಪರಿಸರ ಮತ್ತು ಭೂ ನ್ಯಾಯಾಲಯ ನಿವಾಸಿಗಳಿಗೆ 130 ಕೋಟಿ ಶಿಲಿಂಗ್ ಪರಿಹಾರ ವಿಧಿಸಿತು. ಕಂಪನಿಯನ್ನಷ್ಟೇ ಅಲ್ಲ, ಕಣ್ಣು ಮುಚ್ಚಿಕೊಂಡಿದ್ದ ಸರ್ಕಾರಿ ಸಂಸ್ಥೆಗಳನ್ನೂ ಹೊಣೆಗಾರರೆಂದಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಹಾರವನ್ನು ಮತ್ತೆ ಎತ್ತಿಹಿಡಿಯಿತು.

ನೈರೋಬಿಯಿಂದ ಮೊಂಬಾಸಾ ರಸ್ತೆಯಲ್ಲಿ ಹೋದರೆ ಸಿಗುವ ಮಕುಯೇನಿ ಜಿಲ್ಲೆಯ ಥಾಂಗೆಯಲ್ಲಿ 2015ರಲ್ಲಿ ತೈಲದ ಕೊಳವೆಮಾರ್ಗ ಸೋರಿ ಹೊಳೆಯೂ ಬಾವಿಗಳೂ ಕೆಟ್ಟವು. ಹತ್ತು ವರ್ಷ ಕಾದ ಮೇಲೆ, 2025ರಲ್ಲಿ, ನ್ಯಾಯಾಲಯ ಅಲ್ಲಿನ ಜನರಿಗೆ ನೂರಾರು ಕೋಟಿ ಶಿಲಿಂಗ್ ಪರಿಹಾರ ನೀಡುವಂತೆ ಹೇಳಿತು. ಇನ್ನೂ ಒಂದು ಸಂಗತಿ ಈ ನಗರಕ್ಕೇ ಸೇರಿದ್ದು. ಗಿಗಿರಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ನೈಜೀರಿಯದ ಓಗೋನಿ ನಾಡಿನ ಬಗ್ಗೆ ವರದಿ ನೀಡಿತು. ಒಂದು ಕಡೆ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪದ ತೈಲದ ಪದರವಿತ್ತು. ಜನ ಕುಡಿಯುತ್ತಿದ್ದ ಬಾವಿಗಳಲ್ಲಿ ಬೆಂಜೀನ್ ಮಿತಿಗಿಂತ 900 ಪಟ್ಟು ಮೀರಿತ್ತು. ಸರಿಯಾದ ತನಿಖೆ ಆಫ್ರಿಕದಲ್ಲಿ, ಭಾರತದಲ್ಲಿ ಅಸಾಧ್ಯ ಎಂಬ ಮಾತಿಗೆ ಆ ವರದಿಯೇ ಉತ್ತರ. ಬೇಕಾದ ಜ್ಞಾನ ಇದೆ, ಉಪಕರಣ ಇದೆ. ಯಾರು ಹಣ ಕೊಡಬೇಕು ಮತ್ತು ಫಲಿತಾಂಶ ಯಾರದು ಎಂಬುದಷ್ಟೇ ಇತ್ಯರ್ಥವಾಗಿಲ್ಲ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಎರಡು ದೊಡ್ಡ ತೀರ್ಪುಗಳನ್ನು ನೀಡಿತು, ಎರಡೂ ಬಾವಿಗಳ ಕಥೆಯೇ. ರಾಜಸ್ಥಾನದ ಬಿಚ್ಡಿ ಗ್ರಾಮದಲ್ಲಿ ಎಚ್-ಆಸಿಡ್ ತಯಾರಿಸಿ ಮುಚ್ಚಿದ ಕಾರ್ಖಾನೆಗಳು ಬಾವಿಗಳನ್ನು ಕೆಡಿಸಿದ ಪ್ರಕರಣದಲ್ಲಿ, ಕೆಡಿಸಿದವನೇ ಶುದ್ಧಿಯ ವೆಚ್ಚ ಭರಿಸಬೇಕೆಂದಿತು. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಕುರಿತ ವೆಲ್ಲೂರು ಪ್ರಕರಣದಲ್ಲಿ, ತನ್ನ ಕೆಲಸ ಪರಿಸರಕ್ಕೆ ಹಾನಿಕರವಲ್ಲ ಎಂದು ಸಾಬೀತುಪಡಿಸುವ ಹೊಣೆ ಉದ್ಯಮದ ಮೇಲೆಯೇ ಇದೆ ಎಂದಿತು. ಕೆನ್ಯಾದ 2010ರ ಸಂವಿಧಾನ ಇನ್ನೂ ಮುಂದೆ ಹೋಗಿದೆ. ಅದರ 42ನೆಯ ವಿಧಿ ಶುದ್ಧ ಪರಿಸರದ ಹಕ್ಕನ್ನೂ 43ನೆಯ ವಿಧಿ ಶುದ್ಧ ನೀರಿನ ಹಕ್ಕನ್ನೂ ಕೊಡುತ್ತವೆ. 70ನೆಯ ವಿಧಿಯ ಪ್ರಕಾರ ಪರಿಸರದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವವರು ತಮಗೆ ನಷ್ಟವೋ ಗಾಯವೋ ಆಗಿದೆಯೆಂದು ತೋರಿಸಬೇಕಾಗಿಯೇ ಇಲ್ಲ.

ಪುಸ್ತಕದಲ್ಲಿ ಹೊಣೆ ಉದ್ಯಮದ ಮೇಲಿದೆ. ಬೀದಿಯಲ್ಲಿ ಅದು ಈಗಲೂ ಕೊಡ ಹಿಡಿದವಳ ಮೇಲಿದೆ. ಭೋಪಾಲದ ನೀರಿನ ದಾವೆ ಅಮೆರಿಕದಲ್ಲಿ ಸೋತದ್ದು ನೀರು ಶುದ್ಧವಾಗಿತ್ತೆಂದಲ್ಲ. ಭಾರತದ ಅಂಗಸಂಸ್ಥೆಯ ಕಸಕ್ಕೆ ಮಾತೃಸಂಸ್ಥೆ ನೇರ ಹೊಣೆಯಲ್ಲ ಎಂಬ ಕಾರಣಕ್ಕೆ. ಲಾಭ ಗಡಿ ದಾಟುವಾಗ ಎರಡೂ ಒಂದೇ ಕಂಪನಿ. ವಿಷದ ಲೆಕ್ಕ ಬಂದಾಗ ಎರಡು. 2001ರಲ್ಲಿ ಯೂನಿಯನ್ ಕಾರ್ಬೈಡನ್ನು ಕೊಂಡ ಡೌ ಕೆಮಿಕಲ್, ಆ ಹೊಣೆ ತನಗೆ ಬರುವುದಿಲ್ಲ ಎನ್ನುತ್ತಲೇ ಬಂದಿದೆ.

ಇದು ಉದ್ಯಮವೇ ಬೇಡ ಎನ್ನುವ ವಾದವಲ್ಲ. ಬೆಂಗಳೂರಿನ ಪೀಣ್ಯ ಸಾವಿರಾರು ಕನ್ನಡದ ಕುಟುಂಬಗಳಿಗೆ ಅನ್ನ ಕೊಟ್ಟಿದೆ; ಅದೇ ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನದ ಘಟಕಗಳಿಂದ ಬಂದ ಕ್ರೋಮಿಯಂ ಸಿಕ್ಕಿದೆ. ಅನ್ನ ಕೊಟ್ಟದ್ದೂ ನಿಜ, ನೀರು ಕೆಡಿಸಿದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಅಪ್ರಾಮಾಣಿಕತೆ. ಅನ್ನ ತಿಂದವನಿಗೂ ಬಾಯಾರಿಕೆ ಇರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಕಾರ್ಖಾನೆಗೆ ಪರವಾನಗಿ ಕೊಡುವ ದಿನವೇ ಸುತ್ತಲಿನ ಬಾವಿಗಳ ನೀರನ್ನು ಅಳೆದು ಸಾರ್ವಜನಿಕವಾಗಿ ದಾಖಲಿಸಬೇಕು. ಮುಚ್ಚುವ ದಿನದ ಶುದ್ಧಿಗೆ ಬೇಕಾದ ಹಣವನ್ನು ಆರಂಭದಲ್ಲಿಯೇ ಠೇವಣಿ ಇಡಿಸಬೇಕು. ಪರೀಕ್ಷಕರನ್ನು ಆರಿಸುವ ಅಧಿಕಾರ ಪರೀಕ್ಷೆಗೊಳಗಾಗುವವರ ಕೈಯಲ್ಲಿ ಇರಬಾರದು. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಗುತ್ತದೆ. ಪ್ರತಿ ಮಾದರಿಯನ್ನೂ ಎರಡಾಗಿ ಹಂಚಿ ಒಂದನ್ನು ನಿವಾಸಿಗಳಿಗೆ ಕೊಡಬೇಕು. ವರದಿ ಅವರ ಭಾಷೆಯಲ್ಲಿ ಬರಬೇಕು: ಭೋಪಾಲದಲ್ಲಿ ಹಿಂದಿ, ಉರ್ದು, ಮೊಂಬಾಸಾದಲ್ಲಿ ಕಿಸ್ವಾಹಿಲಿ, ಪೀಣ್ಯದಲ್ಲಿ ಕನ್ನಡ.

ಹೊರನಾಡಿನ ಕನ್ನಡಿಗರಲ್ಲಿ ಎಂಜಿನಿಯರುಗಳಿದ್ದಾರೆ, ರಸಾಯನಶಾಸ್ತ್ರಜ್ಞರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಕಾರ್ಖಾನೆಗಳ ಒಡೆಯರೂ ಇದ್ದಾರೆ. ಕೊಳ ಸೋರುತ್ತಿದೆ ಎಂದು 1982ರಲ್ಲಿ ಬರೆದದ್ದು ಇಂಥದೇ ಒಂದು ಕಚೇರಿ. ಓದಿ ಕಡತಕ್ಕೆ ಸೇರಿಸಿದ್ದೂ ಇಂಥದೇ ಇನ್ನೊಂದು ಕಚೇರಿ. ಅಂದು ಅದು ಬಡಾವಣೆಯ ಜನರಿಗೂ ತಿಳಿದಿದ್ದರೆ ಒಂದು ತಲೆಮಾರು ಆ ನೀರನ್ನು ಕುಡಿಯದೆ ಉಳಿಯುತ್ತಿತ್ತು. ಕೈಯಲ್ಲಿರುವ ಕಾಗದ ಯಾರ ಬಾವಿಗೆ ಸಂಬಂಧಿಸಿದ್ದು ಎಂದು ಕೇಳಿಕೊಳ್ಳುವುದು, ಸಂಬಂಧಿಸಿದವರಿಗೆ ಅದನ್ನು ತಲುಪಿಸುವುದು ವಿದ್ಯಾವಂತರು ಮಾಡಬಹುದಾದ ಕನಿಷ್ಠ ಕೆಲಸ. ಅಂತರ್ಜಲದಲ್ಲಿ ನಡೆಯುವುದು ಯಾರಿಗೂ ಕಾಣುವುದಿಲ್ಲ. ಅದನ್ನು ಕಂಡವರು ಹೇಳದಿದ್ದರೆ, ಕುಡಿದವರ ದೇಹ ಹೇಳುವವರೆಗೆ ಕಾಯಬೇಕಾಗುತ್ತದೆ.